ಮಧುಮೇಹದಲ್ಲಿ ಜನಾಂಗೀಯ ಅಸಮಾನತೆ

ಮಧುಮೇಹದಲ್ಲಿ ಜನಾಂಗೀಯ ಅಸಮಾನತೆ ಎಂದರೆ ವಿವಿಧ ಜನಸಮುದಾಯಗಳ ನಡುವೆ ಮಧುಮೇಹದ ಪ್ರಮಾಣ, ಪತ್ತೆ, ಚಿಕಿತ್ಸೆ ಮತ್ತು ತೊಡಕುಗಳಲ್ಲಿ ಕಂಡುಬರುವ ವ್ಯತ್ಯಾಸ. ಇದು ಮುಖ್ಯವಾಗಿ ಎರಡನೆಯ ಬಗೆಯ (ಟೈಪ್ 2) ಮಧುಮೇಹಕ್ಕೆ ಸಂಬಂಧಿಸಿದೆ. ಆನುವಂಶಿಕ ಗುಣಗಳ ಜೊತೆಗೆ ಆಹಾರ, ದುಡಿಮೆ, ಬಡತನ ಹಾಗೂ ವೈದ್ಯಕೀಯ ಸೌಲಭ್ಯದ ಕೊರತೆ ಇದಕ್ಕೆ ಕಾರಣಗಳು.

ಪ್ರಮಾಣ

ಅಮೆರಿಕ ಸಂಯುಕ್ತ ಸಂಸ್ಥಾನದ 2019-21ರ ಅಂಕಿಅಂಶಗಳಂತೆ, ಮಧುಮೇಹ ಪತ್ತೆಯಾದ ವಯಸ್ಕರ ಪ್ರಮಾಣವು ಮೂಲನಿವಾಸಿಗಳಲ್ಲಿ ಶೇ. 13.6, ಕಪ್ಪುವರ್ಣೀಯರಲ್ಲಿ ಶೇ. 12.1, ಹಿಸ್ಪಾನಿಕ್ ಮೂಲದವರಲ್ಲಿ ಶೇ. 11.7, ಏಷ್ಯಾ ಮೂಲದವರಲ್ಲಿ ಶೇ. 9.1 ಹಾಗೂ ಬಿಳಿಯರಲ್ಲಿ ಶೇ. 6.9 ಇತ್ತು. ಲಂಡನ್ನಿನ ಸೌಥಾಲ್ ಪ್ರದೇಶದಲ್ಲಿ 40ರಿಂದ 69 ವರ್ಷದವರನ್ನು ಕುರಿತು ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನವು ದಕ್ಷಿಣ ಏಷ್ಯಾ ಮೂಲದವರಲ್ಲಿ ಶೇ. 19ರಷ್ಟು, ಯುರೋಪಿಯನ್ನರಲ್ಲಿ ಶೇ. 4ರಷ್ಟು ಮಧುಮೇಹವನ್ನು ಗುರುತಿಸಿತು.

ಕಾರಣಗಳು

ದಕ್ಷಿಣ ಏಷ್ಯಾದವರಲ್ಲಿ ದೇಹತೂಕ ಕಡಿಮೆಯಿದ್ದಾಗಲೂ ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚಾಗಿ ಶೇಖರಗೊಳ್ಳುತ್ತದೆ. ಸ್ನಾಯುವಿನ ಪ್ರಮಾಣ ಕಡಿಮೆ ಇರುತ್ತದೆ. ಇದರಿಂದ ಇನ್ಸುಲಿನ್ ಪ್ರತಿರೋಧ ಹೆಚ್ಚುತ್ತದೆ. ಈ ಕಾರಣದಿಂದ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯು 2004ರಲ್ಲಿ ಏಷ್ಯಾದ ಜನರಿಗಾಗಿ ದೇಹತೂಕ ಸೂಚ್ಯಂಕದ (ಬಿಎಂಐ) 23 ಮತ್ತು 27.5 ಎಂಬ ಹೆಚ್ಚುವರಿ ಮಟ್ಟಗಳನ್ನು ಸೂಚಿಸಿತು.

ಆದರೆ ಆನುವಂಶಿಕತೆಯೊಂದೇ ಈ ವ್ಯತ್ಯಾಸವನ್ನು ವಿವರಿಸಲಾರದು. ಅಮೆರಿಕದ ಅರಿಜೋನಾದಲ್ಲಿಯೂ ಮೆಕ್ಸಿಕೋದ ಗುಡ್ಡಗಾಡಿನಲ್ಲಿಯೂ ವಾಸಿಸುವ ಪೀಮಾ ಜನರು ಒಂದೇ ಮೂಲದವರು. 2006ರಲ್ಲಿ ಪ್ರಕಟವಾದ ಅಧ್ಯಯನದಂತೆ ಅರಿಜೋನಾದವರಲ್ಲಿ ಶೇ. 38ರಷ್ಟು ಮಧುಮೇಹವಿದ್ದರೆ, ಕೃಷಿ ಮತ್ತು ಮೈದುಡಿಮೆಯ ಬದುಕನ್ನು ಉಳಿಸಿಕೊಂಡಿದ್ದ ಮೆಕ್ಸಿಕೋದವರಲ್ಲಿ ಅದು ಶೇ. 6.9 ಮಾತ್ರ ಇತ್ತು. ಅರಿಜೋನಾದ ಪೀಮಾ ಜನರು ತಮ್ಮ ಬೇಸಾಯಕ್ಕೆ ಆಧಾರವಾಗಿದ್ದ ಹೀಲಾ ನದಿಯ ನೀರನ್ನು ಮೇಲ್ದಂಡೆಯ ವಲಸಿಗರ ಪಾಲಿಗೆ ಕಳೆದುಕೊಂಡಿದ್ದರು.

ಮೈಸೂರಿನ ಅಧ್ಯಯನಗಳು

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಗಳನ್ನು 1934ರಿಂದ ದಾಖಲಿಸಲಾಗಿದೆ. ಅಲ್ಲಿ ಜನಿಸಿದ 506 ಮಂದಿಯನ್ನು ನಡುವಯಸ್ಸಿನ ನಂತರ ಪರೀಕ್ಷಿಸಿದ ಅಧ್ಯಯನವು 1998ರಲ್ಲಿ ಪ್ರಕಟವಾಯಿತು. ಯುರೋಪಿನಲ್ಲಿ ಕಡಿಮೆ ಜನನತೂಕಕ್ಕೂ ಮಧುಮೇಹಕ್ಕೂ ನಂಟು ಕಂಡುಬಂದಿತ್ತು. ಮೈಸೂರಿನಲ್ಲಾದರೋ ಹುಟ್ಟುವಾಗ ಗಿಡ್ಡವಾಗಿ ದುಂಡಗಿದ್ದವರಲ್ಲಿ ಹಾಗೂ ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಅಧಿಕವಾಗಿತ್ತು. 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಆರಂಭವಾದ ಮೈಸೂರು ಪಾರ್ಥೆನಾನ್ ಅಧ್ಯಯನವು, ಗರ್ಭಾವಸ್ಥೆಯಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಬಾಲ್ಯದಲ್ಲಿಯೇ ಕೊಬ್ಬು ಮತ್ತು ಇನ್ಸುಲಿನ್ ಪ್ರತಿರೋಧ ಹೆಚ್ಚಿರುವುದನ್ನು ತೋರಿಸಿತು.

ಭಾರತದಲ್ಲಿ ಅಸಮಾನತೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನವು (2023) ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ, ಅಂದರೆ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದು ಅಂದಾಜಿಸಿತು. ನಗರಗಳಲ್ಲಿ ಇದರ ಪ್ರಮಾಣ ಶೇ. 16.4, ಗ್ರಾಮಗಳಲ್ಲಿ ಶೇ. 8.9. ಒಂದು ಕಾಲಕ್ಕೆ ಸಿರಿವಂತರ ಕಾಯಿಲೆ ಎನಿಸಿದ್ದ ಇದು, ಸ್ಥಿತಿವಂತ ರಾಜ್ಯಗಳ ನಗರಗಳಲ್ಲಿ ಕೆಳವರ್ಗದವರಲ್ಲೇ ಹೆಚ್ಚಾಗಿದೆಯೆಂದು ಇದೇ ಅಧ್ಯಯನದ 2017ರ ವರದಿ ತಿಳಿಸಿತ್ತು.

ಮಲೆನಾಡಿನ ತೋಟಗಳು

ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲೂಕುಗಳ ಗುಡ್ಡಗಾಡಿನಲ್ಲಿ ಕಾಫಿ, ಏಲಕ್ಕಿ, ಮೆಣಸಿನ ತೋಟಗಳು ಹರಡಿವೆ. ಘಟ್ಟದ ಅಂಚಿನಲ್ಲಿರುವ ದೋಣಿಗಲ್‌ನಂತಹ ಊರುಗಳಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಸಕಲೇಶಪುರದಲ್ಲಿದೆ. ವೈದ್ಯಕೀಯ ಕಾಲೇಜು ಹಾಸನದಲ್ಲಿದೆ. ದಿನಗೂಲಿಯವರಿಗೆ ತಪಾಸಣೆಯ ದಿನವೆಂದರೆ ಕೂಲಿ ತಪ್ಪುವ ದಿನ. 1951ರ ತೋಟ ಕಾರ್ಮಿಕರ ಕಾಯಿದೆಯು ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯವನ್ನು ಕಡ್ಡಾಯಗೊಳಿಸಿತು. ಆದರೆ ಅದು ನಿಗದಿತ ವಿಸ್ತೀರ್ಣ ಮತ್ತು ಆಳುಸಂಖ್ಯೆಯ ತೋಟಗಳಿಗೆ ಅನ್ವಯಿಸುತ್ತಿದ್ದುದರಿಂದ, ರಾಜ್ಯದ ಕಾಫಿ ಹಿಡುವಳಿಗಳಲ್ಲಿ ಬಹುಪಾಲಾದ ಸಣ್ಣ ತೋಟಗಳ ಆಳುಗಳು ಅದರ ಹೊರಗುಳಿದರು.

ಪರೀಕ್ಷೆಯ ಮಿತಿಗಳು

ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಎಚ್‌ಬಿಎ1ಸಿ ಪರೀಕ್ಷೆಯು ಕೆಂಪು ರಕ್ತಕಣಗಳ ಆಯುಷ್ಯವನ್ನು ಅವಲಂಬಿಸಿದೆ. ಕಬ್ಬಿಣಾಂಶದ ಕೊರತೆಯ ರಕ್ತಹೀನತೆಯಲ್ಲಿ ಅದು ಇರುವುದಕ್ಕಿಂತ ಹೆಚ್ಚಿನ ಫಲಿತಾಂಶ ತೋರಿಸಬಹುದು. ಕರ್ನಾಟಕದ ಕೆಲವು ಬುಡಕಟ್ಟುಗಳಲ್ಲಿ ಕಾಣುವ ಕುಡಗೋಲು ಕಣ ರೋಗದಲ್ಲಿಯೂ ಫಲಿತಾಂಶ ತಪ್ಪಾಗಬಹುದು. ಇಂತಹವರಲ್ಲಿ ರಕ್ತದ ಗ್ಲೂಕೋಸನ್ನೇ ನೇರವಾಗಿ ಅಳೆಯುವುದು ಹೆಚ್ಚು ವಿಶ್ವಾಸಾರ್ಹ.

ಪರಿಣಾಮಗಳು ಮತ್ತು ಕ್ರಮಗಳು

ಆರಂಭದಲ್ಲಿ ಮಧುಮೇಹಕ್ಕೆ ಲಕ್ಷಣಗಳು ಕಡಿಮೆ. ಪತ್ತೆ ತಡವಾದಷ್ಟೂ ಮೂತ್ರಪಿಂಡದ ವೈಫಲ್ಯ, ದೃಷ್ಟಿನಾಶ, ಹೃದ್ರೋಗ ಮತ್ತು ಕಾಲು ಕತ್ತರಿಸಬೇಕಾಗುವ ಸ್ಥಿತಿಯ ಅಪಾಯ ಹೆಚ್ಚುತ್ತದೆ. ಬರಿಗಾಲಿನಲ್ಲಿ ದುಡಿಯುವವರ ಪಾದದಲ್ಲಿ ಸ್ಪರ್ಶಜ್ಞಾನ ಕುಗ್ಗಿದರೆ ಸಣ್ಣ ಗಾಯವೂ ಗಮನಕ್ಕೆ ಬಾರದೆ ಹುಣ್ಣಾಗುತ್ತದೆ. ಮನೆಯ ದುಡಿಯುವ ಕೈ ನಿಂತರೆ ಕುಟುಂಬ ಸಾಲಕ್ಕೆ ಬೀಳುತ್ತದೆ.

ಅಮೆರಿಕದ ಮಧುಮೇಹ ಸಂಘವು 2015ರಿಂದ ಏಷ್ಯಾ ಮೂಲದವರಿಗೆ 23ರ ಬಿಎಂಐಯಿಂದಲೇ ತಪಾಸಣೆಯನ್ನು ಶಿಫಾರಸು ಮಾಡಿದೆ. ಭಾರತದಲ್ಲಿ 2010ರಲ್ಲಿ ಆರಂಭವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ವರ್ಷ ಮೇಲ್ಪಟ್ಟವರ ತಪಾಸಣೆ ನಡೆಯುತ್ತದೆ. ಮನೆಮನೆಗೆ ತೆರಳಿ ಅಪಾಯದ ಅಂಶಗಳನ್ನು ಗುರುತಿಸುವ ಕೆಲಸವನ್ನು ಆಶಾ ಕಾರ್ಯಕರ್ತೆಯರು ಮಾಡುತ್ತಾರೆ.