ಮಂಗನ ಕಾಯಿಲೆಯ ಕಣ್ಗಾವಲು

ಜನ ಮಂಗನ ಕಾಯಿಲೆ ಎನ್ನುವ, ಕಾಡಿನ ಮಂಗ, ಇಲಿ, ಉಣುಗುಗಳ ನಡುವೆ ಸುತ್ತುವ ಕ್ಯಾಸನೂರು ಕಾಡಿನ ಕಾಯಿಲೆಯ ವೈರಸ್ ಎಲ್ಲಿದೆ, ಯಾವಾಗ ಚುರುಕಾಗುತ್ತದೆ ಎಂಬುದನ್ನು ಊರವರು ಜ್ವರ ಹಿಡಿದು ಮಲಗುವ ಮೊದಲೇ ತಿಳಿಯಲು ಪಶ್ಚಿಮಘಟ್ಟದಲ್ಲಿ ನಡೆದುಬಂದಿರುವ ಕೆಲಸ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಮೊದಲಾದ ಇದು ಮುಂದೆ ಘಟ್ಟದ ಕೆಳಗಿನ ಹೊನ್ನಾವರ, ಕುಮಟಾ, ಭಟ್ಕಳ ತಾಲ್ಲೂಕುಗಳಿಗೂ ಬಂತು. ಭಾರತದಲ್ಲಿ ಕಾಡುಪ್ರಾಣಿಗಳ ರೋಗವೊಂದರ ಮೇಲೆ ಇಷ್ಟು ಕಾಲ ಕಣ್ಣಿಟ್ಟ ಉದಾಹರಣೆ ವಿರಳ. ಇದನ್ನು ಪ್ರಯೋಗಾಲಯಗಳ ಇತಿಹಾಸವೆಂದು ಬರೆಯುವುದು ರೂಢಿ. ಆದರೆ ಮಂಗ ಸತ್ತ ಸುದ್ದಿಯನ್ನು ಮೊದಲು ತಂದವರು ಸಾಮಾನ್ಯವಾಗಿ ಸೌದೆಗೋ ದರಕಿಗೋ (ಉದುರಿದ ಒಣ ಎಲೆಗೋ) ಬೆಟ್ಟ ಹತ್ತಿದವರು, ದನ ಹುಡುಕಿ ಹೋದವರು. ಆ ಸುದ್ದಿ ಎಷ್ಟು ಬೇಗ ಯಾರ ಕಿವಿಗೆ ಬಿತ್ತು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಸೀಮೆ

ಕುರ್ವೆ ಎಂದರೆ ಹೊಳೆಯ ನಡುವಿನ ನಡುಗಡ್ಡೆ. ಉತ್ತರ ಕನ್ನಡದ ಕರಾವಳಿಯಲ್ಲಿ ಮಾವಿನಕುರ್ವೆ ಎಂಬ ಹೆಸರು ಭಟ್ಕಳದ ಬಂದರಿನ ಬಳಿಯೂ ಇದೆ, ಹೊನ್ನಾವರದ ಶರಾವತಿ ಅಳಿವೆಯಲ್ಲಿಯೂ ಇದೆ. ತೆಂಗು, ಗದ್ದೆ, ಉಪ್ಪುನೀರು, ದೋಣಿಗಳ ಈ ಊರುಗಳಲ್ಲಿ ನಿಂತರೆ ಮಂಗನ ಕಾಯಿಲೆ ದೂರದ ಮಾತು. ಆದರೆ ಇಲ್ಲಿ ಕಡಲಿಗೂ ಘಟ್ಟದ ಬುಡಕ್ಕೂ ಇರುವ ಅಂತರ ಕಡಿಮೆ. ಹೊನ್ನಾವರದಿಂದ ಗೇರುಸೊಪ್ಪೆಗೆ ಮೂವತ್ತು ಕಿಲೊಮೀಟರ್ ಆಸುಪಾಸು. ಅಲ್ಲಿಂದ ಘಟ್ಟ ಹತ್ತಿದರೆ ಜೋಗ, ಮುಂದೆ ಸಾಗರ, ಅದರಾಚೆ ಸೊರಬ. ಕುಮಟಾದಿಂದ ದೇವಿಮನೆ ಘಟ್ಟ, ಭಟ್ಕಳದಿಂದ ಹಾಡುವಳ್ಳಿಯ ಕಡೆಯ ಕಾಡು ಇಷ್ಟೇ ಹತ್ತಿರ. ಅಡಿಕೆ ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟ, ಅದರ ಮೇಲೆ ದಟ್ಟ ಕಾಡು. ಮನುಷ್ಯ, ದನ, ಮಂಗ ಮೂವರೂ ದಿನವೂ ಕೂಡುವ ಜಾಗ ಈ ಸೊಪ್ಪಿನ ಬೆಟ್ಟವೇ.

ಮಳೆ ಬಿಟ್ಟ ಮೇಲೆ ಬೆಟ್ಟದಲ್ಲಿ ಎಲೆ ಉದುರುತ್ತದೆ. ಡಿಸೆಂಬರಿನಿಂದ ಬೇಸಿಗೆಯವರೆಗೆ ಹೆಂಗಸರು ದರಕು ಗುಡಿಸಿ ಕಲ್ಲಿ ಎಂಬ ಹಗ್ಗದ ಬಲೆಗೆ ತುಂಬಿ ಹೊತ್ತು ತರುತ್ತಾರೆ. ಕೊಟ್ಟಿಗೆಗೆ ಹಾಸಲು ಅದೇ, ತೋಟದ ಗೊಬ್ಬರಕ್ಕೂ ಅದೇ. ವೈರಸ್ ಹೊತ್ತ ಮರಿ ಉಣುಗುಗಳು ಇದೇ ತಿಂಗಳುಗಳಲ್ಲಿ ಎಲೆಯ ಹಾಸಿನ ಮೇಲೆ ಹತ್ತಿ ಕೂರುತ್ತವೆ. ಮನುಷ್ಯರಿಗೆ ಕಾಯಿಲೆ ಡಿಸೆಂಬರಿನಿಂದ ಮೇ ತನಕ ಕಾಣಿಸಿಕೊಳ್ಳುವುದಕ್ಕೆ ಈ ಕೂಡುವಿಕೆಯೇ ಕಾರಣ.

1957: ಹಳದಿ ಜ್ವರದ ಭಯ

1956–57ರ ಬೇಸಿಗೆಯ ಹೊತ್ತಿಗೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು. ಹಿಂದೆಯೇ ಹಳ್ಳಿಗಳಲ್ಲಿ ಜ್ವರ. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ತಲುಪಿತು. ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1952ರಲ್ಲಿ ಕಟ್ಟಿದ ಈ ಸಂಸ್ಥೆಯೇ ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ. ಅಲ್ಲಿನ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮುಂತಾದವರು ಗಾಬರಿಯಿಂದಲೇ ಮಲೆನಾಡಿಗೆ ಬಂದರು. ಗಾಬರಿಗೆ ಕಾರಣವಿತ್ತು. ದಕ್ಷಿಣ ಅಮೆರಿಕದ ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತರೆ ಹಳದಿ ಜ್ವರ ಬಂತೆಂದೇ ಅರ್ಥ. ಭಾರತದಲ್ಲಿ ಆ ರೋಗವಿಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ಬೇಕಾದಷ್ಟಿದೆ.

ಸತ್ತ ಮಂಗಗಳ ಅಂಗಾಂಶವನ್ನೂ ರೋಗಿಗಳ ರಕ್ತವನ್ನೂ ಇಲಿಮರಿಗಳಿಗೆ ಚುಚ್ಚಿ ನೋಡಿದಾಗ ಸಿಕ್ಕಿದ್ದು ಬೇರೆಯೇ ವೈರಸ್. ಅದು ಉಣುಗಿನಿಂದ ಹರಡುವ, ರಷ್ಯಾದ ವಸಂತ–ಬೇಸಿಗೆ ಮಿದುಳುಜ್ವರದ ಬಳಗಕ್ಕೆ ಸೇರಿದ್ದು. ಅದಕ್ಕೆ ಆ ಕಾಡಿನ ಹೆಸರೇ ಬಿತ್ತು. ಸೊರಬದ ಆಚೆ ಯಾರಿಗೂ ಗೊತ್ತಿರದ ಕ್ಯಾಸನೂರು ಹೀಗೆ ಜಗತ್ತಿನ ವೈದ್ಯಗ್ರಂಥಗಳಿಗೆ ಸೇರಿತು. ಊರಿಗೆ ಅದರಿಂದ ಬಂದ ಲಾಭವೇನೂ ಕಾಣದು.

ರಷ್ಯಾದ ನಂಟು ಇನ್ನೊಂದು ಹುಡುಕಾಟಕ್ಕೂ ದಾರಿ ಮಾಡಿತು. ಸೈಬೀರಿಯದ ಕಡೆಯಿಂದ ಚಳಿಗಾಲಕ್ಕೆ ಬರುವ ವಲಸೆ ಹಕ್ಕಿಗಳು ಉಣುಗಿನ ಜೊತೆ ವೈರಸ್ಸನ್ನೂ ತಂದವೇ? ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ಮುಂದಾಳುತನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರ ಹೊತ್ತಿಗೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆ ಕೈಗೊಂಡದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಹಕ್ಕಿಗಳೇ ತಂದವು ಎಂಬುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಹಕ್ಕಿಗಳ ವಲಸೆಯ ಬಗ್ಗೆ ಮಾತ್ರ ರಾಶಿ ತಿಳಿವಳಿಕೆ ಬಂತು. ಸೊರಬದ ಸತ್ತ ಮಂಗದಿಂದ ಹಕ್ಕಿಶಾಸ್ತ್ರಕ್ಕೆ ಲಾಭವಾದದ್ದು ಈ ಇತಿಹಾಸದ ಒಂದು ವಿಚಿತ್ರ.

ಉಣುಗಿನ ಲೆಕ್ಕ

ಪುಣೆಯ ಕೇಂದ್ರ ಸಾಗರದಲ್ಲಿ ಕ್ಷೇತ್ರ ಠಾಣೆ ತೆರೆಯಿತು. 1960ರ ದಶಕ ಈ ಕಣ್ಗಾವಲಿನ ಅತ್ಯಂತ ಫಲವತ್ತಾದ ಕಾಲ. ಕೊಲಂಬಿಯಾದಿಂದ ಬಂದ ಹೋರ್ಹೆ ಬೋಶೆಲ್ ಅಲ್ಲಿನ ಕಾಡಿನ ಹಳದಿ ಜ್ವರದ ಮೇಲೆ ಕೆಲಸ ಮಾಡಿದ್ದವರು. ಮರ ಕಡಿದಾಗ ನೆತ್ತಿಯ ಸೊಳ್ಳೆಗಳು ಕೊಂಬೆಗಳ ಜೊತೆ ಕೆಳಗಿಳಿದು ಕೂಲಿಗಳನ್ನು ಕಚ್ಚುವುದನ್ನು ಕಂಡವರು. ಮಲೆನಾಡಿನಲ್ಲಿ ಅವರ ಕಣ್ಣು ಬಿದ್ದದ್ದು ದನಗಳ ಮೇಲೆ. ಜನ ಹೆಚ್ಚಿದಂತೆ ಕಾಡಂಚು ಮುರಿದು ದನ ಒಳಗೆ ಮೇಯತೊಡಗಿದವು. ಬೆಳೆದ ಉಣುಗುಗಳಿಗೆ ದನದ ಮೈಯಲ್ಲಿ ರಕ್ತದ ಹಬ್ಬ. ದನಕ್ಕೆ ಕಾಯಿಲೆ ಬರದಿದ್ದರೂ ಉಣುಗಿನ ಸಂಖ್ಯೆ ಬೆಳೆಯಿತು. ಅವರು 1969ರಲ್ಲಿ ಪ್ರಕಟಿಸಿದ ಪರಿಸರ ವಿಶ್ಲೇಷಣೆಯನ್ನು ಈಗಲೂ ಓದಬೇಕು. ರೋಗವನ್ನು ಮಂಗದ ತಲೆಗೆ ಕಟ್ಟುವವರಿಗೆ ಅದು ಅಂದೇ ಕೊಟ್ಟ ಉತ್ತರ.

ಮುಖ್ಯ ವಾಹಕ ಹೆಮಾಫಿಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ಮಳೆಗಾಲದಲ್ಲಿ ಬೆಳೆದ ಉಣುಗು ದನ, ಕಾಡೆಮ್ಮೆಯಂಥ ದೊಡ್ಡ ಪ್ರಾಣಿಗಳ ಮೇಲಿರುತ್ತದೆ. ಮಳೆ ಮುಗಿಯುತ್ತಲೇ ಮೊಟ್ಟೆಯೊಡೆದ ಲಾರ್ವಾಗಳು ಎಲೆಯ ತುದಿಯಲ್ಲಿ ಗುಂಪಾಗಿ ಕಾಯುತ್ತವೆ. ಮಂಗ, ಇಲಿ, ಹಕ್ಕಿಗಳ ರಕ್ತ ಕುಡಿದು ಪೊರೆಬಿಟ್ಟು ನಿಂಫ್ ಆಗುತ್ತವೆ. ಎಳ್ಳಿನ ಕಾಳಿನಷ್ಟಿರುವ ಈ ನಿಂಫ್ ಮನುಷ್ಯನಿಗೆ ಕಚ್ಚುತ್ತದೆ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ವೈರಸ್ ಹೋಗುವುದಿಲ್ಲ.

ಉಣುಗು ಹಿಡಿಯುವ ವಿಧಾನ ಅಂದಿನಿಂದ ಇಂದಿನವರೆಗೆ ಹೆಚ್ಚು ಬದಲಾಗಿಲ್ಲ. ಒಂದು ಕೋಲಿಗೆ ಬಾವುಟದಂತೆ ಬಿಳಿ ಫ್ಲಾನೆಲ್ ಬಟ್ಟೆ ಕಟ್ಟಿ ಕಾಡಿನ ನೆಲದ ಮೇಲೆ, ಪೊದೆಯ ಮೇಲೆ ಮೆಲ್ಲಗೆ ಎಳೆದುಕೊಂಡು ಹೋಗುವುದು. ಹತ್ತು ಹೆಜ್ಜೆ ನಡೆದು ಬಟ್ಟೆ ತಿರುವಿದರೆ ಕಂದು ಚುಕ್ಕೆಗಳು ತೆವಳುತ್ತಿರುತ್ತವೆ. ಚಿಮುಟದಿಂದ ಎತ್ತಿ ಸೀಸೆಗೆ ಹಾಕಿ, ಜಾತಿ ವಿಂಗಡಿಸಿ, ಗುಂಪುಗುಂಪಾಗಿ ಅರೆದು ವೈರಸ್ ಇದೆಯೇ ಎಂದು ನೋಡುತ್ತಾರೆ. ಬಟ್ಟೆ ಎಳೆಯುವವನೂ ಉಣುಗಿಗೆ ಆಹಾರವೇ. ಹಾಗಾಗಿ ಪ್ಯಾಂಟಿನ ಕಾಲನ್ನು ಸಾಕ್ಸಿನೊಳಗೆ ತೂರಿಸಿ, ಮೈಗೆ ಉಣುಗು ನಿವಾರಕ ಎಣ್ಣೆ ಬಳಿದು ಹೊರಡುವುದು ರೂಢಿ. ಡಿಎಂಪಿ ತೈಲ, ನಂತರ ಡೇಪಾ ತೈಲ ಎಂದು ಕಾಡಂಚಿನ ಮನೆಗಳಿಗೆ ಹಂಚಿದ್ದೂ ಇಂಥದ್ದನ್ನೇ.

ಈ ಹುಡುಕಾಟದಲ್ಲಿ ಮಂಗವಲ್ಲದ ಪ್ರಾಣಿಗಳೂ ಬಲೆಗೆ ಬಿದ್ದವು. ಪಿ.ಕೆ. ರಾಜಗೋಪಾಲನ್, ಎಚ್.ಆರ್. ಭಟ್, ಎಂ.ಎ. ಶ್ರೀನಿವಾಸನ್ ಮುಂತಾದವರ ಕೆಲಸದಿಂದ ಕಾಡಿಲಿ, ಸುಂಡಿಲಿ, ಬಾವಲಿಗಳಲ್ಲೂ ವೈರಸ್ಸಿನ ಸುಳಿವು ಸಿಕ್ಕಿತು. ಮಂಗ ಸಾಯುತ್ತದೆ, ಆದ್ದರಿಂದ ಕಣ್ಣಿಗೆ ಬೀಳುತ್ತದೆ. ಸಾಯದೆ ವೈರಸ್ಸನ್ನು ದಾಟಿಸುವ ಇಲಿ ಕಾಣುವುದಿಲ್ಲ. ಹುಡುಕುತ್ತಾ ಹೋದಂತೆ ಬೇರೆ ವೈರಸ್ಸುಗಳೂ ಸಿಕ್ಕವು. ಕೈಸೋಡಿ ಎಂದು ಹೆಸರಿಟ್ಟ ಒಂದು ಈ ಉಣುಗುಗಳಲ್ಲೇ ದೊರೆತದ್ದು.

ಶಿವಮೊಗ್ಗ ಜಿಲ್ಲೆಯಲ್ಲಿ 1964ರಿಂದ 1973ರವರೆಗೆ ದಾಖಲಾದ ಮಂಗಗಳ ಸಾವು 1046. ಅದರಲ್ಲಿ 860 ಮುಸುವಗಳು, 186 ಕೆಂಪು ಮಂಗಗಳು. ವೈರಸ್ ಖಚಿತವಾದದ್ದು ಅದರ ಅಲ್ಪಭಾಗದಲ್ಲಿ ಮಾತ್ರ. ಕಾಡಿನ ಬಿಸಿಲಿನಲ್ಲಿ ಎರಡು ದಿನ ಬಿದ್ದ ಹೆಣದಿಂದ ವೈರಸ್ ಸಿಗುವುದು ಕಷ್ಟ. ವಾಸನೆ ಹಿಡಿದು ಹೋದವರಿಗೆ ಕೆಲವೊಮ್ಮೆ ಸಿಗುವುದು ಎಲುಬು ಮಾತ್ರ.

ಘಟ್ಟದ ಕೆಳಗೆ

ಮೊದಲ ಹದಿನೈದು ವರ್ಷ ರೋಗ ಸೊರಬ, ಸಾಗರ ಮತ್ತು ಸುತ್ತಲಿಗೆ ಸೀಮಿತವೆಂದು ಜನ ನಂಬಿದ್ದರು. 1970ರ ದಶಕದಿಂದ ಆ ನಂಬಿಕೆ ಸಡಿಲವಾಯಿತು. ಮುಂದಿನ ದಶಕಗಳಲ್ಲಿ ಉತ್ತರ ಕನ್ನಡದ ಸಿದ್ದಾಪುರ, ಶಿರಸಿ, ಹೊನ್ನಾವರ, ಕುಮಟಾ, ಭಟ್ಕಳ, ಅಂಕೋಲಾಗಳ ಕಾಡಂಚುಗಳು ಪಟ್ಟಿಗೆ ಸೇರಿದವು. 1982–83ರ ಸುಮಾರಿಗೆ ದಕ್ಷಿಣ ಕನ್ನಡದ ಬೆಳ್ತಂಗಡಿಯಲ್ಲಿ, ಗೇರು ತೋಪಿಗೆಂದು ಕಾಡು ಕಡಿದ ನಿಡ್ಲೆಯ ಸುತ್ತ, ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು ಹಲವರು ಸತ್ತರು. ಆ ಪೆಟ್ಟಿನ ಮೇಲೆ ಕರಾವಳಿಯಲ್ಲಿ ಯಾರೂ ಇದನ್ನು ಘಟ್ಟದ ಮೇಲಿನವರ ರೋಗ ಎನ್ನಲಿಲ್ಲ.

ಹೊನ್ನಾವರದಲ್ಲಿ ಮಂಗನ ಕಾಯಿಲೆಗೆಂದೇ ಆರೋಗ್ಯ ಇಲಾಖೆಯ ಘಟಕವಿರುವುದು ಈ ಚರಿತ್ರೆಯ ಫಲ. ಕರಾವಳಿಯ ತೊಂದರೆ ಬೇರೆ. ಇಲ್ಲಿ ಜ್ವರಕ್ಕೆ ಹಲವು ಹೆಸರು: ಇಲಿಜ್ವರ, ಡೆಂಗಿ, ಮಲೇರಿಯಾ. ಮಂಗನ ಕಾಯಿಲೆಯೂ ಮೊದಲ ದಿನ ಹಾಗೆಯೇ ಬರುತ್ತದೆ. ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಒಮ್ಮೆಲೇ ಜ್ವರ, ಹಣೆ ಸಿಡಿಯುವ ನೋವು, ಸೊಂಟ ಮುರಿದಂಥ ಮೈನೋವು, ಕೆಲವರಿಗೆ ಒಸಡಿನಲ್ಲೋ ಮೂಗಿನಲ್ಲೋ ರಕ್ತ. ಸಾವಿನ ಪ್ರಮಾಣ ಸಾಮಾನ್ಯವಾಗಿ ಶೇ. 3ರಿಂದ 5. ಬೆಟ್ಟಕ್ಕೆ ಹೋಗಿದ್ದಿರಾ, ಮಂಗ ಸತ್ತದ್ದು ಕಂಡಿರಾ ಎಂದು ಕೇಳಿದರಷ್ಟೇ ವೈದ್ಯರಿಗೆ ದಾರಿ ಸಿಗುತ್ತದೆ.

ಸತ್ತ ಮಂಗದ ಸುತ್ತ

ಮಂಗ ಸಾಯುತ್ತಲೇ ಅದರ ಮೈ ತಣ್ಣಗಾಗುತ್ತದೆ, ಉಣುಗುಗಳು ಇಳಿದು ಸುತ್ತಲೂ ಚದುರುತ್ತವೆ. ಆದ್ದರಿಂದ ಹೆಣ ಬಿದ್ದ ಜಾಗವನ್ನು ನಡುವಾಗಿಟ್ಟು ಸುತ್ತಲೂ ಮೆಲಾಥಿಯಾನ್ ಪುಡಿ ಎರಚುವುದು, ಜನ ಮತ್ತು ದನ ಅತ್ತ ಹೋಗದಂತೆ ತಡೆಯುವುದು ಕ್ರಮ. ಪಶುವೈದ್ಯರು ಮುಖಮುಚ್ಚಿ, ಕೈಗವಸು ತೊಟ್ಟು ಸ್ಥಳದಲ್ಲೇ ಮಾದರಿ ತೆಗೆದು ಹೆಣ ಸುಡುತ್ತಾರೆ. ಅರಣ್ಯ, ಪಶುಸಂಗೋಪನೆ, ಆರೋಗ್ಯ ಮೂರು ಇಲಾಖೆಗಳೂ ಒಂದೇ ದಿನ ಅಲ್ಲಿಗೆ ಬರಬೇಕು. ಕಾಗದದ ಮೇಲೆ ಇದು ಸಲೀಸು, ಮೊಬೈಲ್ ಸಿಗ್ನಲ್ ಇಲ್ಲದ ಇಳಿಜಾರಿನಲ್ಲಿ ಅಲ್ಲ.

ಜನರ ಭಾವನೆ ಇನ್ನೊಂದು. ಮಂಗ ಆಂಜನೇಯನ ರೂಪ. ಅಂಗಳದಲ್ಲೋ ರಸ್ತೆಬದಿಯಲ್ಲೋ ಸತ್ತರೆ ಅರಿಶಿನ ಕುಂಕುಮ ಹಚ್ಚಿ, ಹೂ ಹಾಕಿ, ಹೊತ್ತೊಯ್ದು ಮಣ್ಣು ಮಾಡುವ ರೂಢಿ ಕನ್ನಡನಾಡಿನ ತುಂಬ ಇದೆ. ಮಲೆನಾಡಿನಲ್ಲಿ ಆ ಭಕ್ತಿಯೇ ಅಪಾಯ. ಹೆಣ ಎತ್ತಿದವನ ಕೈಗೆ ಉಣುಗು ಹತ್ತುತ್ತದೆ, ಸಾವು ಲೆಕ್ಕಕ್ಕೂ ಸಿಗದೆ ಮಣ್ಣಿಗೆ ಹೋಗುತ್ತದೆ. ಮುಟ್ಟಬೇಡಿ, ತಿಳಿಸಿ ಎಂಬ ಎರಡು ಮಾತನ್ನು ಮನೆಮನೆಗೆ ಹೇಳುತ್ತಾ ಬಂದವರು ಆಶಾ ಕಾರ್ಯಕರ್ತೆಯರು.

ಪರೀಕ್ಷೆ ಮತ್ತು ಲಸಿಕೆ

ಈ ವೈರಸ್ ಪ್ರಯೋಗಾಲಯದಲ್ಲೂ ಹಲವರಿಗೆ ತಗಲಿದೆ. ಅದಕ್ಕೇ ಪರೀಕ್ಷೆ ದೀರ್ಘಕಾಲ ಕೆಲವೇ ಕಡೆ ಇತ್ತು. ಶಿವಮೊಗ್ಗದ ವೈರಸ್ ಪ್ರಯೋಗಾಲಯ ಮತ್ತು ಪುಣೆ ಮುಖ್ಯವಾದವು. ಇಲಿಮರಿಗಳ ಕಾಲದಿಂದ ಆರ್‌ಟಿ–ಪಿಸಿಆರ್, ಐಜಿಎಂ ಎಲೈಸಾ ಕಾಲಕ್ಕೆ ಬಂದದ್ದು 2012ರ ಸುಮಾರಿಗೆ. ಅದೇ ವರ್ಷ ಪುಣೆಯಲ್ಲಿ ಅತಿ ಭದ್ರತೆಯ ನಾಲ್ಕನೇ ಹಂತದ ಪ್ರಯೋಗಾಲಯವೂ ತೆರೆಯಿತು.

ಲಸಿಕೆಯ ಕಥೆ ಅಷ್ಟು ಹಿತವಲ್ಲ. ಮೊದಲಿಗೆ ರಷ್ಯಾದ ರೋಗದ ಲಸಿಕೆಯನ್ನೇ ಕೊಟ್ಟು ನೋಡಿದರು, ಫಲಿಸಲಿಲ್ಲ. ನಂತರ ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ಕೊಂದ ವೈರಸ್ಸಿನ ಲಸಿಕೆ ಬಂತು. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾದ ಅದನ್ನು 1990ರಿಂದ ಕಾಡಂಚಿನ ಊರುಗಳಲ್ಲಿ ಹಾಕಿದರು. 2005–2010ರ ಅವಧಿಯ ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9 ಎಂದು ಕಂಡಿತು. ಚುಚ್ಚಿದಲ್ಲಿ ವಿಪರೀತ ಉರಿ, ಮೇಲಿಂದ ಪದೇಪದೇ ಬೂಸ್ಟರ್. ಗದ್ದೆ ಕೆಲಸದ ದಿನ ಮೂರನೇ ಸಲ ಕೈ ಒಡ್ಡಲು ಒಪ್ಪುವವರು ಕಡಿಮೆಯಿದ್ದರು. ಬಲ ಕುಂದಿದ್ದರಿಂದ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಗೆ ವೈದ್ಯಕೀಯ ಸಂಶೋಧನಾ ಮಂಡಳಿಯೂ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕಂಪನಿಯೂ ಕೈಜೋಡಿಸಿವೆ.

2012ರ ನಂತರ

2012ರ ಕೊನೆಗೆ ಬಂಡೀಪುರದಲ್ಲಿ ಮಂಗಗಳು ಸತ್ತವು. ಅವುಗಳ ಹೆಣ ಎತ್ತಿ ಸುಟ್ಟವರಿಗೇ ಕಾಯಿಲೆ ತಗಲಿತು. ಅಲ್ಲಿಂದ ನೀಲಗಿರಿ, ವಯನಾಡು. 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ರೋಗ ಅಷ್ಟೂ ಕಡೆ ಹೊಸದಾಗಿ ಹೋಯಿತೋ, ಮೊದಲೇ ಇದ್ದದ್ದು ಹುಡುಕಿದ್ದರಿಂದ ಸಿಕ್ಕಿತೋ ಎಂಬ ಪ್ರಶ್ನೆ ಕಣ್ಗಾವಲಿನ ಬೆನ್ನಿಗೇ ಇರುತ್ತದೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನರ ಸರಣಿ ಸಾವುಗಳು ಕಂಡವು. ಅರಳಗೋಡು ಶರಾವತಿ ಕಣಿವೆಯ ಮೇಲ್ದಂಡೆ, ಗೇರುಸೊಪ್ಪೆ ಅದರ ಕೆಳಗೆ. 2024ರಲ್ಲಿ ಉತ್ತರ ಕನ್ನಡದಲ್ಲಿ ಹೆಚ್ಚು ನರಳಿದ್ದು ಸಿದ್ದಾಪುರ ತಾಲ್ಲೂಕು. ಕಾಡು, ತೋಟ, ಗದ್ದೆ ಬೆರೆತು ನಾಡದನಗಳು ಹೆಚ್ಚಿರುವಲ್ಲಿ ಅಪಾಯ ಹೆಚ್ಚೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ನಕಾಶೆ ಮಾಡಿ ತೋರಿಸಿತು. ಬೋಶೆಲ್ ದನಗಳ ಹಿಂದೆ ನಡೆದು ಕಂಡದ್ದಕ್ಕೆ ಅದು ಹೆಚ್ಚು ದೂರವಿಲ್ಲ.

ಶರಾವತಿ, ಅಘನಾಶಿನಿ ಕಣಿವೆಗಳಲ್ಲಿ ಸಿಂಗಳೀಕಗಳೂ ಇವೆ, ಅವೂ ಮಂಗವೇ. ಡಿಸೆಂಬರ್ ಬಂತೆಂದರೆ ಇಲ್ಲಿನ ಅರಣ್ಯ ಗಸ್ತಿನವರು ಮರದ ಮೇಲೆ ನೋಡುವಷ್ಟೇ ನೆಲವನ್ನೂ ನೋಡುತ್ತಾರೆ. ದರಕಿನ ಕಲ್ಲಿ ಹೊತ್ತು ಇಳಿದ ಹೆಂಗಸು ಹಿತ್ತಲಲ್ಲೇ ಸೀರೆ ಕೊಡವಿ, ಬಿಸಿನೀರು ಹೊಯ್ದುಕೊಂಡು, ಮೊಣಕಾಲಿನ ಹಿಂದೆ ಬೆರಳಾಡಿಸಿ ನೋಡಿಕೊಳ್ಳುತ್ತಾಳೆ.