ಹೆಸರಿದ್ದ ಮೀನಿಗೆ ‘ಗೊತ್ತಿಲ್ಲ’ ಅಂತ ಹೆಸರಿಟ್ಟ ಕಥೆ

ಒಂದು ಮೀನಿನ ಹೆಸರೇ ‘ಗೊತ್ತಿಲ್ಲ’ ಅಂದ್ರೆ ನಂಬ್ತೀರಾ? ಓದಿ.

1789ನೇ ಇಸವಿ. ತುಪ್ಪಳದ ವ್ಯಾಪಾರ ಮಾಡ್ತಿದ್ದ ನಾರ್ತ್ ವೆಸ್ಟ್ ಕಂಪನಿಯ ಅಲೆಕ್ಸಾಂಡರ್ ಮೆಕೆಂಜಿ, ಪೆಸಿಫಿಕ್ ಸಾಗರಕ್ಕೆ ದಾರಿ ಹುಡುಕುತ್ತಾ ಈಗಿನ ಕೆನಡಾದ ಉತ್ತರಕ್ಕೆ ದೋಣಿಯಲ್ಲಿ ಹೊರಟ. ನದಿ ಕರ್ಕೊಂಡು ಹೋಗಿದ್ದು ಆರ್ಕ್ಟಿಕ್ ಸಾಗರಕ್ಕೆ! ಜೊತೆಗಿದ್ದ ಫ್ರೆಂಚ್ ಮಾತಿನ ದೋಣಿಯವರಿಗೆ ಅಲ್ಲಿ ಬೆಳ್ಳಿ ಬಣ್ಣದ ದೊಡ್ಡ ಮೀನೊಂದು ಸಿಕ್ಕಿತು. ಯಾವ ಮೀನು ಅಂತ ತಿಳಿಯದೆ ‘ಗೊತ್ತಿಲ್ಲದ ಮೀನು’ ಅಂತ ತಮ್ಮ ಭಾಷೆಯಲ್ಲಿ ಕರೆದರಂತೆ. ಹಾಗೇ ಉಳಿದ ಹೆಸರು ‘ಇಂಕನ್ನು’.

ಆದ್ರೆ ಗೊತ್ತಿಲ್ಲದೆ ಇದ್ದಿದ್ದು ಯಾರಿಗೆ ಹೇಳಿ? ಅಲಾಸ್ಕಾದ ಇನ್ಯೂಪಿಯಾಟ್ ಜನ ಇದನ್ನ ‘ಸೀ’ ಅಂತಾರೆ. ‘ಶೀಫಿಶ್’ ಅನ್ನೋ ಇಂಗ್ಲಿಷ್ ಹೆಸರು ಬಂದಿದ್ದೇ ಅದರಿಂದ. ಸೈಬೀರಿಯಾದಲ್ಲಿ ಇದು ‘ನೆಲ್ಮಾ’.

ವೈಟ್‌ಫಿಶ್ ಜಾತಿಯ ಈ ಮೀನು ಅಲಾಸ್ಕಾದ ಕೋಬುಕ್ ನದಿಯಲ್ಲಿ 20 ಕಿಲೋ ದಾಟುತ್ತೆ. ಬಿಳಿ ಮಾಂಸ, ಒಳ್ಳೆ ಕೊಬ್ಬು. ತಿಂಗಳುಗಟ್ಟಲೆ ಹಿಮ ಬೀಳೋ ಕಡೆ ಕೊಬ್ಬು ಅಂದ್ರೆ ಮೈಗೆ ಬಿಸಿ, ಕೆಲಸಕ್ಕೆ ಶಕ್ತಿ. ಒಣಗಿಸ್ತಾರೆ, ಹೊಗೆ ಹಾಕ್ತಾರೆ. ಸೈಬೀರಿಯಾದಲ್ಲಂತೂ ಹೆಪ್ಪುಗಟ್ಟಿದ ಹಸಿ ಮೀನನ್ನೇ ತೆಳ್ಳಗೆ ಹೆರೆದು ಉಪ್ಪು, ಕಾಳುಮೆಣಸಿನ ಪುಡಿಗೆ ಅದ್ದಿ ತಿಂತಾರೆ. ಅದಕ್ಕೆ ‘ಸ್ಟ್ರೊಗನಿನಾ’ ಅಂತ ಹೆಸರು. ಉತ್ತರದ ಊರುಗಳಲ್ಲಿ ಹಿಂದೆ ಜಾರುಬಂಡಿ ಎಳೀತಿದ್ದ ನಾಯಿಗಳಿಗೂ ಇಂಥ ಮೀನೇ ಊಟ ಆಗಿತ್ತು. ಒಂಥರಾ ಆ ಕಾಲದ ಪೆಟ್ರೋಲ್ ಅನ್ನಿ!

ಈಗ ನಮ್ಮ ಬಿಕಾಂ ವಿಷಯಕ್ಕೆ ಬರೋಣ. 1945ರಲ್ಲಿ ಕೆನಡಾದ ಗ್ರೇಟ್ ಸ್ಲೇವ್ ಸರೋವರದಲ್ಲಿ ದೊಡ್ಡ ಮಟ್ಟದ ವ್ಯಾಪಾರಿ ಮೀನುಗಾರಿಕೆ ಶುರುವಾಯ್ತು. ಬಲೆ ಹಾಕಿದ್ದು ಬೇರೆ ವೈಟ್‌ಫಿಶ್, ಟ್ರೌಟ್ ಮೀನುಗಳಿಗೆ. ಜೊತೆಗೆ ಇಂಕನ್ನು ಕೂಡ ಬಿತ್ತು. ಇದು ಮೊಟ್ಟೆ ಇಡೋ ವಯಸ್ಸಿಗೆ ಬರೋಕೆ ಹಲವು ವರ್ಷ ಬೇಕು. ಹಿಡಿದಷ್ಟು ಬೇಗ ಹುಟ್ಟಲ್ಲ. ಆ ಸರೋವರಕ್ಕೆ ಸೇರೋ ಬಫಲೋ ನದಿಯಲ್ಲಿ ಇದರ ಸಂಖ್ಯೆ ಕುಸಿಯಿತು.

ನಮ್ಮ ಲೆಡ್ಜರ್‌ನಲ್ಲಿ ಮಾರಿದ್ದಕ್ಕೆ ಮಾತ್ರ ಎಂಟ್ರಿ, ಅಲ್ವಾ? ಚಳಿಗಾಲಕ್ಕೆ ಅಂತ ಒಣಗಿಸಿಟ್ಟಿದ್ದು, ಪಕ್ಕದ ಮನೆಗೆ ಕೊಟ್ಟ ಪಾಲು, ನಾಯಿಗೆ ಹಾಕಿದ್ದು ಯಾವ ಕಾಲಂಗೂ ಬರಲ್ಲ. ಹಾಗಾಗಿ ಆ ಮೀನು ಕಮ್ಮಿಯಾದಾಗ ವ್ಯಾಪಾರದ ಪುಸ್ತಕದಲ್ಲಿ ಕಾಣೋದು ಸ್ವಲ್ಪ ನಷ್ಟ ಅಷ್ಟೇ. ಅದನ್ನೇ ನಂಬಿಕೊಂಡ ಮನೆಯಲ್ಲಿ ಖಾಲಿಯಾಗೋದು ಚಳಿಗಾಲದ ಊಟ.

ದಾಖಲೆಯಲ್ಲಿ ‘ಗೊತ್ತಿಲ್ಲ’ ಅಂತಿದ್ದು, ಅಲ್ಲಿನ ಜನಕ್ಕೆ ಚೆನ್ನಾಗಿ ಗೊತ್ತಿದ್ದ ಇಂಥ ಇನ್ನೊಂದು ವಿಷಯ ನಿಮಗೆ ತಿಳಿದಿದ್ರೆ ಕಾಮೆಂಟ್ ಮಾಡಿ. ಮುಂದಿನ ಭಾಗಕ್ಕೆ ಅದನ್ನೇ ಹುಡುಕ್ತೀನಿ.

#ಇತಿಹಾಸ #ಊಟದ_ಕಥೆ #ಆರ್ಕ್ಟಿಕ್