ದರೋಜಿಯ ಈರಮ್ಮನವರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಹಾಡು ಮನೆಯ ಬಾಗಿಲಿಗೆ ತಾನಾಗಿಯೇ ಬರುವ ಸಂಪತ್ತು. ಒಕ್ಕಣೆ ಮುಗಿದ ಮೇಲೆ ಹೆಳವರು ಬಂದು ಮನೆತನದ ವಂಶಾವಳಿಯನ್ನು ಕೊಂಡಾಡುವರು. ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥೆ ಹಾಡಾಗಿ ಹರಿಯುವುದು. ಬಂದವರಿಗೆ ಮೊರದಲ್ಲಿ ರಾಗಿಯನ್ನೂ ಮೇಲೊಂದು ತೆಂಗಿನಕಾಯಿಯನ್ನೂ ನೀಡುವ ಗೃಹಸ್ಥರು ಹಾಡನ್ನು ಮೆಚ್ಚಿದ್ದುಂಟು. ಹಾಡಿದವರ ಹೆಸರನ್ನು ಕೇಳಿಟ್ಟುಕೊಂಡದ್ದು ವಿರಳ. ಹೀಗೆ ಹೆಸರಿಲ್ಲದೆ ಸಂದುಹೋದ ಗಾಯಕರ ನಡುವೆ, ಹೆಸರುಳಿಸಿಕೊಂಡ ಒಬ್ಬರ ಚರಿತ್ರೆಯನ್ನು ತಿಳಿಯುವುದು ಉಳಿದವರೆಲ್ಲರನ್ನೂ ಸ್ಮರಿಸಿದಂತೆ.

ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ದರೋಜಿ ಗ್ರಾಮದ ಈರಮ್ಮನವರು 1930ರಲ್ಲಿ ಅಲೆಮಾರಿ ಬುಡ್ಗಜಂಗಮರ ಕುಲದಲ್ಲಿ ಹುಟ್ಟಿದರು. ಊರಿಂದೂರಿಗೆ ಹೋಗಿ ಕಥೆ ಹೇಳಿ, ಕೊಟ್ಟದ್ದನ್ನು ಕೊಂಡು ಜೀವಿಸುವುದು ಆ ಕುಲದ ವೃತ್ತಿ. ಅಕ್ಷರದ ಪರಿಚಯ ಈಕೆಗಾಗಲಿಲ್ಲ. ವಿದ್ಯೆ ಬಂದದ್ದು ಕಿವಿಯಿಂದ, ನೆಲಸಿದ್ದು ನೆನಪಿನಲ್ಲಿ. ಮುಖ್ಯ ಗಾಯಕಿ ತಂಬೂರಿ ಹಿಡಿದು ಕಥೆಯನ್ನು ಮುನ್ನಡೆಸಿದರೆ, ಹಿಮ್ಮೇಳದವರು ವಾದ್ಯ ನುಡಿಸುತ್ತ ಸೊಲ್ಲಿಗೆ ಸೊಲ್ಲು ಕೂಡಿಸುವರು. ನಡುನಡುವೆ ಪ್ರಶ್ನೆ ಕೇಳಿ ಕಥೆಯನ್ನು ಕೆರಳಿಸುವರು. ಇದೇ ಬುರ್ರಕಥೆ. ಈರಮ್ಮನವರ ಹಿಮ್ಮೇಳದಲ್ಲಿದ್ದವರು ಅವರ ಮನೆತನದ ಹೆಂಗಸರೇ.

ಈಕೆಗೆ 12 ಮಹಾಕಾವ್ಯಗಳು ಕಂಠಸ್ಥವಾಗಿದ್ದವು. ಅವೆಲ್ಲವನ್ನೂ ಅಚ್ಚುಮಾಡಿದರೆ ಸುಮಾರು 7000 ಪುಟಗಳಾಗುವುವೆಂದು ಎಣಿಕೆ. ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ, ಜೈಸಿಂಗರಾಜ ಇವೇ ಮೊದಲಾದವು ಅವುಗಳಲ್ಲಿ ಸೇರಿವೆ. ಇವುಗಳೊಳಗೆ ಕುಮಾರರಾಮನ ಕಥೆಯು ವಿಶೇಷವಾಗಿ ಗಮನಿಸತಕ್ಕದ್ದು. ಕಂಪಿಲರಾಯನ ಮಗನಾದ ರಾಮನು ಮಲತಾಯಿ ರತ್ನಾಜಿಯ ಮೋಹವನ್ನು ತಿರಸ್ಕರಿಸಿ, ಅವಳ ದೂರಿನಿಂದ ತಂದೆಯ ಕೋಪಕ್ಕೆ ಗುರಿಯಾಗಿ, ಮಂತ್ರಿಯ ಜಾಣ್ಮೆಯಿಂದ ಬದುಕಿ, ಕಡೆಗೆ ದಿಲ್ಲಿಯ ಸೈನ್ಯದೊಡನೆ ಹೋರಾಡಿ ಮಡಿದನೆಂಬುದು ಕಥಾಸಾರ. ಕಂಪಿಲಿಯ ರಾಜ್ಯವು ಮಹಮ್ಮದ್ ಬಿನ್ ತುಘಲಕನ ಸೈನ್ಯಕ್ಕೆ ಸಿಕ್ಕಿ 1327ರ ಸುಮಾರಿಗೆ ಅಳಿಯಿತು. ಇದೇ ವಸ್ತುವನ್ನು ನಂಜುಂಡ ಕವಿಯು ಸಾಂಗತ್ಯದಲ್ಲಿ ರಚಿಸಿದನು. ಕವಿಯ ಕೃತಿಯನ್ನು ಓಲೆಗರಿ ಕಾಪಾಡಿತು. ಹಳ್ಳಿಗಳ ಕಥೆಯನ್ನು ಕಾಪಾಡಲು ಕಂಠದ ಹೊರತು ಬೇರೇನಿತ್ತು? ಕಂಪ್ಲಿಯ ನೆರೆಯ ಸೀಮೆಯಲ್ಲೇ ಹುಟ್ಟಿದ ನಿರಕ್ಷರೆಯೊಬ್ಬಳ ಬಾಯಲ್ಲಿ, ಆರು ಶತಮಾನಗಳಿಗೂ ಮಿಕ್ಕ ಬಳಿಕ, ಆ ವೀರನು ಮತ್ತೆ ಮತ್ತೆ ಹುಟ್ಟಿ ಮಡಿಯುತ್ತಿದ್ದನು.

ನಾಡು ಈರಮ್ಮನವರನ್ನು ಗುರುತಿಸಿದ್ದು ತಡವಾಗಿ. ವಿದ್ವಾಂಸರು ಅವರ ಹಾಡನ್ನು ಕೇಳಿ ಬರೆದುಕೊಂಡು ಗ್ರಂಥರೂಪಕ್ಕೆ ತಂದರು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ, ಬಳಿಕ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ನಾಡೋಜ ಪದವಿಯೂ ದೊರೆತವು. ಓದುಬರಹ ಬಾರದವರಿಗೆ ವಿದ್ಯಾಪೀಠವು ಇತ್ತ ಆ ಗೌರವದಲ್ಲಿ ನ್ಯಾಯವಿದೆ: ವಿದ್ಯೆಯೆಂದರೆ ಅಕ್ಷರ ಮಾತ್ರವಲ್ಲವೆಂಬುದನ್ನು ವಿದ್ಯಾಪೀಠವೇ ಒಪ್ಪಿಕೊಂಡಂತಾಯಿತು. 2014ನೆಯ ಆಗಸ್ಟ್ 12ರಂದು, ತಮ್ಮ 84ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಹಾಡು ಪುಸ್ತಕವಾದುದು ಲಾಭವೇ. ಆದರೆ ಬುರ್ರಕಥೆಯಲ್ಲಿ ಮಾತಿನಷ್ಟೇ ಮುಖ್ಯವಾದುದು ಸಭೆಯನ್ನು ಅರಿತು ಕಥೆಯನ್ನು ಹಿಗ್ಗಿಸುವ, ಕುಗ್ಗಿಸುವ ವಿವೇಕ. ಹಿಮ್ಮೇಳದ ಸೊಲ್ಲಿಗೆ ಕಾದು ನಿಲ್ಲುವ ಲಯ. ಅದನ್ನು ಪುಟದಿಂದ ಕಲಿಯಲಾಗದು. ಹಾಡುವವರ ಪಕ್ಕದಲ್ಲಿ ಕುಳಿತೇ ಕಲಿಯಬೇಕು. ಮಗ್ಗುಲಲ್ಲಿ ಕೂರುವ ಮಕ್ಕಳಿಲ್ಲವಾದರೆ 7000 ಪುಟಗಳೂ ಮೂಕವಾಗುವುವು. ಭಿಕ್ಷೆಯ ಬದುಕಿಗೆ ಮಕ್ಕಳನ್ನು ಮರಳಿ ನೂಕುವುದು ಯಾರಿಗೂ ಒಪ್ಪಲ್ಲ. ಶಾಲೆಯ ಪಾಠವೂ ಮನೆತನದ ಹಾಡೂ ಒಟ್ಟಿಗೆ ದೊರೆಯುವಂತೆ ಮಾಡುವುದೇ ಉಳಿದ ದಾರಿ.

ತೆಂಗಿನ ಸೀಮೆಯ ಗೃಹಸ್ಥರಿಗೆ ಇದರಲ್ಲಿ ಒಂದು ಕಿರುಗೆಲಸವಿದೆ. ಮುಂದಿನ ಸಲ ಜಗಲಿಯ ಬಳಿ ಹಾಡು ಕೇಳಿಬಂದಾಗ ಕಾಯಿ ಕೊಡುವ ಮೊದಲು ಹಾಡಿದವರ ಹೆಸರನ್ನು ಕೇಳಬೇಕು. ಕಥೆಯನ್ನು ಕಡೆಯವರೆಗೂ ಹೇಳಿಸಬೇಕು.